ಎರಡಿಂಚಿನ ವ್ಯತ್ಯಾಸ

ನಾನು ಬ್ಲೌಸ್ ಹೊಲಿಯುವವಳು. ತುಮಕೂರಿನಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. 22 ವರ್ಷವಾಯಿತು. ಭುಜದಿಂದ ಎದೆಯ ತುದಿಯವರೆಗಿನ ಅಳತೆಯನ್ನು ನಾವು ಪಾಯಿಂಟ್ ಅನ್ನುತ್ತೇವೆ. ಎದೆಯ ಆಕಾರಕ್ಕೆ ಬಟ್ಟೆ ಮಡಚಿ ಹೊಲಿಯುವ ಟಕ್ಸ್ ಎಲ್ಲಿಗೆ ಬಂದು ನಿಲ್ಲಬೇಕು ಅನ್ನೋದು ಅದರಿಂದಲೇ ಗೊತ್ತಾಗುತ್ತದೆ. 2021ರ ಯುಗಾದಿಗೆ ನನಗೇ ಒಂದು ಬ್ಲೌಸ್ ಹೊಲಿದುಕೊಳ್ಳಲು ಅಳತೆ ತೆಗೆದೆ. ಬಲಗಡೆ ಹತ್ತೂವರೆ ಇಂಚು. ಎಡಗಡೆ ಎಂಟೂವರೆ. ಟೇಪ್ ಸರಿಯಾಗಿ ಹಿಡಿದಿಲ್ಲವೇನೋ ಅಂತ ಮೂರು ಸಲ ಅಳೆದೆ. ಮೂರು ಸಲವೂ ಅದೇ ಬಂತು.

ಎಡಗಡೆಯದು ನನ್ನ ಹುಟ್ಟು ಮೊಲೆಯಲ್ಲ. ಈ ಪದ ಬರೆಯಲು ನನಗೆ ಸಂಕೋಚವಿಲ್ಲ. ಮನೆಯಲ್ಲಿ ಅಜ್ಜಿ, ಅಮ್ಮ ಎಲ್ಲರೂ ಹೇಳುತ್ತಿದ್ದ ಪದವೇ ಇದು. 2019ರ ನವೆಂಬರಿನಲ್ಲಿ ಸ್ನಾನ ಮಾಡುವಾಗ ಅಲ್ಲಿ ಗಂಟು ಸಿಕ್ಕಿತು. ಆಗ ನನಗೆ 43. ಕ್ಯಾನ್ಸರ್ ಅಂತ ಗೊತ್ತಾಗಿ ಎಂಟು ಕೀಮೋ ಆಯಿತು. 2020ರ ಜೂನ್‌ನಲ್ಲಿ, ಕೊರೊನಾ ಗಲಾಟೆಯ ಮಧ್ಯೆ, ಬೆಂಗಳೂರಿನಲ್ಲಿ ಆಪರೇಷನ್. ಮೊಲೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದು, ಅದೇ ದಿನ ಬೆನ್ನಿನ ಸ್ನಾಯು ಮತ್ತು ಚರ್ಮವನ್ನು ಕಂಕುಳಿನ ಕೆಳಗಿನಿಂದ ಮುಂದಕ್ಕೆ ತಿರುಗಿಸಿ ತಂದು, ಅದರಡಿಯಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಇದಕ್ಕೆ ಎಲ್‌ಡಿ ಫ್ಲಾಪ್ ಅನ್ನುತ್ತಾರೆ. ಆಮೇಲೆ 15 ದಿನ ರೇಡಿಯೇಷನ್. ಸೆಪ್ಟೆಂಬರಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಎರಡು ಕಡೆಗೂ ಅರ್ಧ ಇಂಚಿನ ವ್ಯತ್ಯಾಸ ಮಾತ್ರ ಇತ್ತು. ಅಷ್ಟು ವ್ಯತ್ಯಾಸ ಎಷ್ಟೋ ಹೆಂಗಸರಿಗೆ ಇರುತ್ತದೆ. ಸಾವಿರಾರು ಜನರ ಅಳತೆ ತೆಗೆದವಳು ನಾನು, ನನಗೆ ಗೊತ್ತು.

ಅರ್ಧ ಇಂಚು ಎರಡಿಂಚಾಗಲು ಏಳು ತಿಂಗಳೂ ಬೇಕಾಗಲಿಲ್ಲ.

ಮೊದಲು ಬಂದದ್ದು ಬಿಗಿ. ಒಂದು ಅಳತೆ ಸಣ್ಣದಾದ ಬ್ಲೌಸ್ ಹಾಕಿಕೊಂಡು ಬಿಚ್ಚಲಾಗದ ಹಾಗೆ. ಆಮೇಲೆ ಗಟ್ಟಿಯಾಗುತ್ತಾ ಬಂತು. ಎಡ ಮಗ್ಗುಲಿಗೆ ಮಲಗಿದರೆ ಎದೆಯಡಿ ತೆಂಗಿನಚಿಪ್ಪು ಇಟ್ಟುಕೊಂಡ ಹಾಗಾಗುತ್ತಿತ್ತು. ಇನ್ನೊಂದು ಕಷ್ಟವನ್ನು ನಾನು ಯಾರಿಗೂ ಹೇಳಿರಲಿಲ್ಲ. ಕತ್ತರಿ ಹಿಡಿದು ದಪ್ಪ ಬಟ್ಟೆ ಕತ್ತರಿಸುವಾಗ, ಎಡಗೈಯಲ್ಲಿ ಬಟ್ಟೆ ಒತ್ತಿ ಹಿಡಿದ ಕೂಡಲೇ, ಎಡ ಎದೆ ತಾನಾಗಿ ಕಂಕುಳಿನ ಕಡೆಗೆ ಜಗ್ಗುತ್ತಿತ್ತು. ಬೆನ್ನಿನ ಸ್ನಾಯು ಎದೆಗೆ ಬಂದಿದ್ದರೂ ಅದರ ನರ ಹಳೆಯದೇ. ಕೈ ಒತ್ತಿದರೆ ತನ್ನ ಹಳೆಯ ಕೆಲಸ ಮಾಡುತ್ತದೆ. ಎದುರಿಗೆ ಗಿರಾಕಿ ನಿಂತಿದ್ದರೆ ನಾನು ಸೆರಗು ಸರಿಮಾಡಿಕೊಂಡು ತಿರುಗಿ ನಿಲ್ಲುತ್ತಿದ್ದೆ.

ಎರಡನೇ ಅಲೆ ಇಳಿದ ಮೇಲೆ, ಆಗಸ್ಟ್‌ನಲ್ಲಿ, ಮೊದಲು ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋದೆ. ಅಲ್ಲಿನ ಡಾಕ್ಟರು ಒಮ್ಮೆ ಮುಟ್ಟಿ ನೋಡಿದರು. "ರೇಡಿಯೇಷನ್ ಆದವರಿಗೆ ಸ್ವಲ್ಪ ಗಟ್ಟಿ ಆಗುತ್ತಮ್ಮ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಆರಾಮಾಗಿದ್ದೀರಲ್ಲ, ಇನ್ನೇನು?" ಅಂದರು. ಮೂರು ನಿಮಿಷವೂ ಆಗಿರಲಿಲ್ಲ. ಯಶವಂತಪುರದಿಂದ ರೈಲು ಹತ್ತಿ ವಾಪಸ್ ಬಂದೆ. ದಾರಿಯುದ್ದಕ್ಕೂ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಜೀವ ಉಳಿದಿದೆ. ಮಗನ ಕಾಲೇಜು ನೋಡುತ್ತಿದ್ದೇನೆ. ಇನ್ನೂ ಆಕಾರ ಬೇಕು ಅನ್ನೋದು ದುರಾಸೆ ಅಲ್ವಾ?

ಅಕ್ಕ ಇದನ್ನೇ ಬಾಯಿಬಿಟ್ಟು ಹೇಳಿದಳು. "ಬ್ಲೌಸೊಳಗೆ ಇರೋದನ್ನ ಯಾರು ನೋಡ್ತಾರೆ ಕಣೇ? ಸುಮ್ನೆ ಮತ್ತೆ ಮೈ ಕುಯ್ಸಿಕೊಳ್ತೀಯಾ?" ನಮ್ಮ ಯಜಮಾನರಿಗೆ ಅರಿವಳಿಕೆಯ ಭಯ. ಮೊದಲ ಸಲ ಆರು ಗಂಟೆ ಥಿಯೇಟರಿನ ಹೊರಗೆ ಒಬ್ಬರೇ ಕೂತಿದ್ದರು, ಕೊರೊನಾದಿಂದ ಬೇರೆ ಯಾರನ್ನೂ ಬಿಟ್ಟಿರಲಿಲ್ಲ. ಅವರನ್ನು ತಪ್ಪು ಅನ್ನಲಾರೆ.

ಹೋಗು ಅಂದವರು ನನ್ನ ಅತ್ತೆ. ಅವರಿಗೆ ಆಗ 74. ಬೆನ್ನಿನ ಗಾಯದ ಗೆರೆ ಎಳೆಯುತ್ತಿದೆ ಅಂತ ಒಂದು ಭಾನುವಾರ ಎಣ್ಣೆ ಹಚ್ಚುತ್ತಿದ್ದರು. ಕೈ ಜಾರಿ ಮುಂದಕ್ಕೆ ಬಂತು. ತಕ್ಷಣ ಕೈ ನಿಲ್ಲಿಸಿದರು. "ಇದೇನೇ, ಕಲ್ಲಾಗಿದೆ! ಇದನ್ನ ಹೊತ್ಕೊಂಡು ದಿನಾ ಮಿಷನ್ ತುಳೀತಿದ್ದೀಯಾ? ನಮ್ಗೊಂದ್ ಮಾತು ಹೇಳ್ಬಾರ್ದಾ?" ಅಂದರು. ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗ ತಮ್ಮ ಮಗನಿಗೆ ಅವರೇ ಹೇಳಿದರು, ಬೇರೆ ಡಾಕ್ಟರನ್ನ ನೋಡಿ ಅಂತ.

2022ರ ಫೆಬ್ರುವರಿಯಲ್ಲಿ ಇನ್ನೊಬ್ಬ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದೆವು. ಆ ಮೇಡಂ ಮೊದಲು ನನ್ನ ಫೈಲನ್ನು ಪುಟ ಪುಟ ಓದಿದರು. ಆಮೇಲೆ ನಿಲ್ಲಿಸಿ ನೋಡಿದರು, ಕೂರಿಸಿ ನೋಡಿದರು, ಕೈ ಸೊಂಟಕ್ಕೆ ಒತ್ತಿಸಿ ನೋಡಿದರು. ಆಗಲೇ ಎದೆ ಜಗ್ಗಿದ್ದು ಅವರಿಗೆ ಕಂಡಿತು. ನಾನು ಹೇಳುವ ಮೊದಲೇ "ಹೊಲಿಯುವಾಗ ತೊಂದರೆ ಆಗುತ್ತಾ?" ಅಂತ ಕೇಳಿದರು. ನನಗೆ ಅಳು ಬಂತು.

ಅವರು ತಿಳಿಸಿ ಹೇಳಿದ್ದು ಇಷ್ಟು. ಮೈಯೊಳಗೆ ಹೊರಗಿನ ವಸ್ತು ಏನೇ ಇಟ್ಟರೂ ಅದರ ಸುತ್ತ ದೇಹ ಒಂದು ತೆಳುವಾದ ಪೊರೆ ಕಟ್ಟುತ್ತದೆ. ಅದು ಎಲ್ಲರಿಗೂ ಆಗುವುದೇ. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಕುಗ್ಗುತ್ತಾ ಕುಗ್ಗುತ್ತಾ ಒಳಗಿನ ಇಂಪ್ಲಾಂಟನ್ನು ಹಿಂಡಿ ಉಂಡೆ ಮಾಡುತ್ತದೆ. ಇದಕ್ಕೆ ಕ್ಯಾಪ್ಸುಲರ್ ಕಾಂಟ್ರಾಕ್ಚರ್ ಅಂತ ಹೆಸರು. ರೇಡಿಯೇಷನ್ ಆದ ಎದೆಯಲ್ಲಿ ಇದು ಜಾಸ್ತಿ. ಬೇಕರ್ ಅನ್ನುವವರ ಹೆಸರಿನಲ್ಲಿ ನಾಲ್ಕು ಹಂತಗಳಿವೆ. ಮೊದಲನೆಯದರಲ್ಲಿ ಮೆತ್ತಗೆ ಸಹಜವಾಗಿರುತ್ತದೆ. ಎರಡರಲ್ಲಿ ಮುಟ್ಟಿದರೆ ಸ್ವಲ್ಪ ಗಟ್ಟಿ. ಮೂರರಲ್ಲಿ ಆಕಾರ ಕೆಟ್ಟಿರುವುದು ಕಣ್ಣಿಗೇ ಕಾಣುತ್ತದೆ. ನಾಲ್ಕರಲ್ಲಿ ನೋವೂ ಸೇರುತ್ತದೆ. ನನ್ನದು ನಾಲ್ಕು.

"ಇದು ನಿಮ್ಮ ತಪ್ಪಲ್ಲ. ಕೈ ಜಾಸ್ತಿ ಆಡಿಸಿದ್ದಕ್ಕೆ, ಕೆಲಸ ಮಾಡಿದ್ದಕ್ಕೆ ಆದದ್ದಲ್ಲ" ಅಂತಲೂ ಹೇಳಿದರು. ಅದನ್ನು ನಾನು ಕೇಳಿರಲಿಲ್ಲ, ಆದರೆ ಮನಸ್ಸಿನಲ್ಲಿ ಇದ್ದದ್ದು ಅದೇ.

ಮನೆಗೆ ಬಂದು ಹಳೆಯ ಫೈಲು ತೆಗೆದೆ. 2020ರಲ್ಲಿ ನಾನು ಸಹಿ ಹಾಕಿದ ಒಪ್ಪಿಗೆ ಪತ್ರ ಅದರಲ್ಲೇ ಇತ್ತು, ಪೂರ್ತಿ ಇಂಗ್ಲಿಷ್. ಮೈದುನನ ಮಗಳು ಓದಿ ಹೇಳಿದಳು. ಆಗಬಹುದಾದ ತೊಂದರೆಗಳ ಸಾಲಿನಲ್ಲಿ ಇದೇ ಹೆಸರು ಅಚ್ಚಾಗಿತ್ತು. ಕೆಳಗೆ ನನ್ನ ಕನ್ನಡ ಸಹಿ. ಯಾರೂ ಓದಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಕ್ಯಾನ್ಸರ್ ಬಿಟ್ಟು ಬೇರೇನೂ ಆಗ ತಲೆಯಲ್ಲಿರಲಿಲ್ಲ. ರೇಡಿಯೇಷನ್ ಬೇಕಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ, ಎಷ್ಟೋ ಸರ್ಜನ್‌ಗಳು ಇಂಪ್ಲಾಂಟ್ ಇಲ್ಲದೆ ಹೊಟ್ಟೆಯ ಕೊಬ್ಬು ಚರ್ಮದಿಂದಲೇ ಎದೆ ಕಟ್ಟುವ ಮಾತನ್ನೂ ಮುಂದಿಡುತ್ತಾರಂತೆ. ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಇದರ ಬಗ್ಗೆ ನನಗೆ ಇವತ್ತಿಗೂ ಬೇಜಾರಿದೆ. ನನಗೆ ಆಯ್ಕೆ ಇತ್ತು, ಇದೆ ಅನ್ನೋದೇ ಗೊತ್ತಿರಲಿಲ್ಲ.

ಅದೇ ಫೈಲಿನಲ್ಲಿ ಇಂಪ್ಲಾಂಟಿನ ಸ್ಟಿಕ್ಕರ್ ಅಂಟಿಸಿದ ಕಾರ್ಡೂ ಇತ್ತು. ಮೇಡಂ ಅದನ್ನು ಕೇಳಿ ತರಿಸಿಕೊಂಡಿದ್ದರು. ಮೈ ಒರಟಾಗಿರುವ ಒಂದು ಬಗೆಯ ಇಂಪ್ಲಾಂಟ್ ಇಟ್ಟವರಲ್ಲಿ ಲಿಂಫೋಮಾ ಅನ್ನುವ ಅಪರೂಪದ ಕ್ಯಾನ್ಸರ್ ಕಾಣಿಸಿ, 2019ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೋರಿದ ಮೇಲೆ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿದ್ದರು. ನನ್ನದು ನುಣುಪಾದದ್ದು, ಆ ಬಗೆಯದಲ್ಲ. ನೀವೂ ಇಂಪ್ಲಾಂಟ್ ಇಟ್ಟುಕೊಂಡಿದ್ದರೆ ಆ ಕಾರ್ಡನ್ನು ದಯವಿಟ್ಟು ಕಳೆಯಬೇಡಿ. ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ.

ತಿದ್ದುವ ದಾರಿ ಏನು? ಹೊಸ ಇಂಪ್ಲಾಂಟ್ ಇಟ್ಟರೆ ಮತ್ತೆ ಗಟ್ಟಿಯಾಗುವ ಸಾಧ್ಯತೆ ಇತ್ತು. ಹೊಟ್ಟೆಯಿಂದ ತಂದು ಕಟ್ಟುವುದು ದೊಡ್ಡ ಆಪರೇಷನ್, ಸೂಕ್ಷ್ಮದರ್ಶಕದಲ್ಲಿ ರಕ್ತನಾಳ ಜೋಡಿಸಬೇಕು. ಮೂರನೆಯದು, ಇಂಪ್ಲಾಂಟನ್ನೂ ಪೊರೆಯನ್ನೂ ತೆಗೆದು, ಬೆನ್ನಿನಿಂದ ಬಂದ ಸ್ನಾಯುವನ್ನು ಹಾಗೇ ಉಳಿಸಿಕೊಂಡು, ಹೊಟ್ಟೆ ತೊಡೆಗಳಿಂದ ಹೀರಿ ತೆಗೆದ ಕೊಬ್ಬನ್ನು ಅದರೊಳಗೆ ತುಂಬುವುದು. ಒಂದೇ ಸಲಕ್ಕೆ ಮುಗಿಯುವುದಿಲ್ಲ. ತುಂಬಿದ್ದರಲ್ಲಿ ಒಂದು ಪಾಲು ಕರಗಿ ಹೋಗುತ್ತದೆ, ಅದಕ್ಕೆ ಎರಡು ಮೂರು ಸಲ ಬೇಕು. ಆದರೆ ರೇಡಿಯೇಷನ್‌ಗೆ ಸಿಕ್ಕಿ ಗಟ್ಟಿಯಾದ ಚರ್ಮವನ್ನೂ ಆ ಕೊಬ್ಬು ಮೆತ್ತಗೆ ಮಾಡುತ್ತದೆ. ಇಟಲಿಯ ರಿಗೋಟ್ಟಿ ಅನ್ನುವ ಸರ್ಜನ್ ಮತ್ತು ಅವರ ಜೊತೆಯವರು 2007ರಲ್ಲಿ ಇದನ್ನು ಬರೆದ ಮೇಲೆ ಬೇರೆ ಕಡೆಯ ಸರ್ಜನ್‌ಗಳ ಗಮನ ಈ ಕಡೆಗೆ ಜಾಸ್ತಿ ಬಂತಂತೆ. ನಾನು ಮೂರನೆಯದನ್ನು ಆರಿಸಿಕೊಂಡೆ. ನನಗೆ ಬೇಕಾಗಿದ್ದದ್ದು ಮೆತ್ತಗಿರುವ ಎದೆ.

ಮಗನ ಸೆಕೆಂಡ್ ಪಿಯು ಪರೀಕ್ಷೆ ಮುಗಿಯಲಿ ಅಂತ ಕಾದೆವು. ಅಷ್ಟರಲ್ಲಿ ಇನ್ಶೂರೆನ್ಸ್‌ನಿಂದ ಪತ್ರ ಬಂತು. ಇವರು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿದ್ದಾರೆ, ಅಲ್ಲಿನ ಗುಂಪು ವಿಮೆ ನಮಗಿತ್ತು. 'ಇದು ಕಾಸ್ಮೆಟಿಕ್ ಸರ್ಜರಿ, ಹಣ ಕೊಡಲಾಗದು' ಅಂತ ಇತ್ತು. ಆ ಒಂದು ಪದ ನೋಡಿ ನನಗೆ ಎರಡು ದಿನ ಊಟ ಸೇರಲಿಲ್ಲ. ಚಂದಕ್ಕೆ ಮಾಡಿಸಿಕೊಳ್ಳುತ್ತಿದ್ದೇನೆ ಅಂತ ಅಕ್ಕನ ಹಾಗೆ ಅವರೂ ಅಂದಂತಾಯಿತು.

ಮೈದುನನ ಮಗಳು ಪಾಲಿಸಿಯ ಪುಸ್ತಕ ತರಿಸಿ ಕೂತಳು. ವಿಮಾ ನಿಯಂತ್ರಕರಾದ ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟ ಷರತ್ತುಗಳು ಅದರಲ್ಲಿದ್ದವು. ಅದರಲ್ಲಿ ಎಂಟನೆಯದು ಕಾಸ್ಮೆಟಿಕ್ ಮತ್ತು ಪ್ಲಾಸ್ಟಿಕ್ ಸರ್ಜರಿಯದು. ಅದಕ್ಕೆ ಹಣ ಸಿಗುವುದಿಲ್ಲ ಅಂತ ಹೇಳಿ, ಅದೇ ವಾಕ್ಯದಲ್ಲಿ, ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಮತ್ತೆ ಕಟ್ಟುವ ಸರ್ಜರಿಗೆ ಈ ನಿಷೇಧ ಇಲ್ಲ ಅಂತಲೂ ಇತ್ತು. ಆ ಸಾಲಿಗೆ ಗೆರೆ ಎಳೆದು, 2020ರ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟ್, ಫೋಟೋ, 'ನಾಲ್ಕನೇ ಹಂತ, ನೋವಿದೆ' ಅಂತ ಮೇಡಂ ಬರೆದ ಪತ್ರ, ಎಲ್ಲ ಸೇರಿಸಿ ಕಳಿಸಿದೆವು. ಕಂಪನಿಯ ದೂರು ವಿಭಾಗ ಒಂದು ತಿಂಗಳಲ್ಲಿ ಸರಿಯಾಗಿ ಉತ್ತರ ಕೊಡದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮೆಯ ದೂರು ಕೇಳುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುವುದು ಅಂತ ತೀರ್ಮಾನ ಮಾಡಿದ್ದೆವು. ಹೋಗಬೇಕಾಗಲಿಲ್ಲ. 19ನೇ ದಿನಕ್ಕೆ ಒಪ್ಪಿಗೆ ಬಂತು. ಆದರೆ ಬಲಗಡೆಯದನ್ನು ಎಡಕ್ಕೆ ಸರಿಹೊಂದಿಸುವ ಖರ್ಚನ್ನು ಕೊಡಲಿಲ್ಲ. ಅದಕ್ಕೆ ನನ್ನ ಚೀಟಿ ದುಡ್ಡು ಹೋಯಿತು. ಅದರ ಮೇಲೆ ಮತ್ತೆ ಹೋರಾಡುವ ಶಕ್ತಿ ಆಗ ಇರಲಿಲ್ಲ.

2022ರ ಜೂನ್. ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ತೆಗೆದುಕೊಳ್ಳುತ್ತಿದ್ದ ಟಾಮಾಕ್ಸಿಫೆನ್ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ ಅಂತ, ಕ್ಯಾನ್ಸರ್ ಡಾಕ್ಟರನ್ನು ಕೇಳಿ ಮೂರು ವಾರ ಮೊದಲೇ ನಿಲ್ಲಿಸಿದ್ದರು. ನೀವಾಗಿ ನೀವೇ ಅದನ್ನು ನಿಲ್ಲಿಸಬೇಡಿ. ಎಡಗಡೆ ಕಂಕುಳಿನ ಗ್ರಂಥಿ ತೆಗೆದಿರುವುದರಿಂದ ಆ ಕೈಗೆ ಸೂಜಿ, ಬಿಪಿ ಪಟ್ಟಿ ಬೇಡ ಅಂದಿದ್ದರು. ಕೈ ಊದಿಕೊಳ್ಳಬಹುದು. ಅರಿವಳಿಕೆಯಲ್ಲಿ ನಾನು ಹೇಳಲಾಗುವುದಿಲ್ಲವಲ್ಲ, ಅದಕ್ಕೆ ಕೆಂಪು ಲೈನಿಂಗ್ ಬಟ್ಟೆಯ ಪಟ್ಟಿಯೊಂದನ್ನು ಎಡ ಮಣಿಕಟ್ಟಿಗೆ ಕಟ್ಟಿಕೊಂಡು ಹೋಗಿದ್ದೆ. ನರ್ಸಮ್ಮ ಅದನ್ನು ಬಿಚ್ಚದೆ ಅದರ ಪಕ್ಕದಲ್ಲೇ ಪೆನ್ನಿನಲ್ಲಿ ಬರೆದರು.

ಬೆಳಿಗ್ಗೆ ಏಳಕ್ಕೆ ಮೇಡಂ ಬಂದು ನನ್ನನ್ನು ನಿಲ್ಲಿಸಿ ಮೈಮೇಲೆ ಗುರುತು ಹಾಕಿದರು. ಮಲಗಿದರೆ ಅಳತೆ ಬದಲಾಗುತ್ತದೆ, ಅದಕ್ಕೇ ನಿಲ್ಲಿಸಿ ಹಾಕುವುದು. ಕುತ್ತಿಗೆಯ ಕೆಳಗಿನ ಗುಳಿಯಿಂದ ಟೇಪ್ ಹಿಡಿದರು. ಎದೆಯ ನಡುವೆ ನೇರ ಗೆರೆ ಎಳೆದರು. ತೊಡೆ, ಹೊಟ್ಟೆಯ ಮೇಲೆ ವೃತ್ತ ಬರೆದರು. ನಾನು ಸೀಮೆಸುಣ್ಣದಲ್ಲಿ ಮಾಡುವ ಕೆಲಸ ಅದು. ಎರಡು ಸಲ ಅಳೆದು, ದೂರ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. ಆ ನೋಟ ನೋಡಿದ ಮೇಲೆ ನನ್ನ ಭಯ ಅರ್ಧ ಇಳಿಯಿತು. ಅಳತೆಯನ್ನು ಗೌರವಿಸುವವರ ಕೈ ನನಗೆ ಗೊತ್ತಾಗುತ್ತದೆ.

ಒಳಗೆ ಏನು ಮಾಡಿದರು ಅನ್ನೋದನ್ನು ಆಮೇಲೆ ಹೇಳಿದರು. ಪೊರೆ ಕೆಲವು ಕಡೆ ಚರ್ಮದ ಪಟ್ಟಿಯಷ್ಟು ದಪ್ಪವಾಗಿತ್ತು. ಅದನ್ನು ಬಿಡಿಸಿ ಇಂಪ್ಲಾಂಟ್ ಜೊತೆಗೆ ತೆಗೆದು, ಲ್ಯಾಬಿಗೆ ಕಳಿಸಿದರು. ಎದೆ ಜಗ್ಗದಂತೆ ಆ ಸ್ನಾಯುವಿನ ನರವನ್ನು ಕತ್ತರಿಸಿದರು. ಪಕ್ಕದಲ್ಲೇ ರಕ್ತನಾಳ ಇರುವುದರಿಂದ ಅದು ನಾಜೂಕಿನ ಕೆಲಸ. ನರ ಹೋದ ಮೇಲೆ ಸ್ನಾಯು ಸ್ವಲ್ಪ ಸೊರಗುತ್ತದೆ, ಹಾಗಾಗಿ ಎರಡನೇ ಸಲ ತುಂಬುವುದು ಖಂಡಿತ ಅಂತ ಮೊದಲೇ ಹೇಳಿದ್ದರು. ಅವತ್ತು 180 ಎಂಎಲ್ ಕೊಬ್ಬು ತುಂಬಿದರು. ಒಂದೇ ಕಡೆ ಸುರಿಯುವುದಿಲ್ಲ. ಸಣ್ಣ ಕೊಳವೆಯಲ್ಲಿ ಎಳೆ ಎಳೆಯಾಗಿ, ಬೇರೆ ಬೇರೆ ಪದರದಲ್ಲಿ ಬಿಡುತ್ತಾರೆ. ಗುಡ್ಡೆ ಹಾಕಿದರೆ ನಡುವಿನದಕ್ಕೆ ರಕ್ತ ಸಿಗದೆ ಸಾಯುತ್ತದೆ. ಅತ್ತೆಗೆ ಹೇಳಿದಾಗ "ಪೈರು ನಾಟಿ ಹಾಕ್ದಂಗೆ" ಅಂದರು.

ಎದೆಗಿಂತ ತೊಡೆ ಜಾಸ್ತಿ ನೋಯುತ್ತದೆ ಅಂತ ಯಾರೂ ಹೇಳಿರಲಿಲ್ಲ. ಎರಡೂ ತೊಡೆ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಒಂದೂವರೆ ತಿಂಗಳು ಬಿಗಿಯಾದ ಪ್ರೆಶರ್ ಗಾರ್ಮೆಂಟ್. ಬಚ್ಚಲಿಗೆ ಹೋಗುವುದೇ ಒಂದು ಕೆಲಸವಾಗಿತ್ತು. ಎದೆಗೆ ಮಾತ್ರ ಬಿಗಿ ಇರುವ ಏನನ್ನೂ ಹಾಕುವಂತಿಲ್ಲ, ಆ ಮಗ್ಗುಲಿಗೆ ಮಲಗುವಂತಿಲ್ಲ. ಗಾಯದಿಂದ ನೀರು ಇಳಿಯಲು ಹಾಕಿದ್ದ ಡ್ರೈನ್ ಬಾಟಲಿಯ ನೀರು ದಿನಾ ಅಳೆದು ಇವರು ಚೀಟಿಯಲ್ಲಿ ಬರೆಯುತ್ತಿದ್ದರು. ದಿನಕ್ಕೆ 25 ಎಂಎಲ್‌ಗಿಂತ ಕಡಿಮೆಯಾದ ಮೇಲೆ, ಹತ್ತನೇ ದಿನ ತೆಗೆದರು. ಪೊರೆಯ ಲ್ಯಾಬ್ ರಿಪೋರ್ಟ್ ಬರುವವರೆಗೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಬರೀ ಗಾಯದ ಅಂಗಾಂಶ ಅಂತ ಬಂತು.

ಇಂಪ್ಲಾಂಟ್ ಹೋದ ಮೇಲೆ ಎಡಗಡೆ ಚಿಕ್ಕದಾಯಿತು. ಮೂರು ತಿಂಗಳಲ್ಲಿ ಕೊಬ್ಬಿನ ಒಂದು ಪಾಲು ಕರಗಿ ಇನ್ನೂ ಚಿಕ್ಕದಾಯಿತು. ಆ ದಿನಗಳು ನನಗೆ ಕೆಟ್ಟವು. ಕನ್ನಡಿಯಲ್ಲಿ ನೋಡಿ, ಇದ್ದದ್ದನ್ನೂ ಕಳಕೊಂಡೆನಾ ಅನ್ನಿಸುತ್ತಿತ್ತು. ತಿದ್ದುವ ಆಪರೇಷನ್‌ಗೆ ಹೋಗುವವರು ಈ ನಡುಗಾಲಕ್ಕೆ ಸಿದ್ಧರಾಗಿರಬೇಕು. ಆದರೆ ಕೈ ಇಟ್ಟರೆ ಮೆತ್ತಗಿತ್ತು. ಎರಡು ವರ್ಷದ ಮೇಲೆ ಮೊದಲ ಸಲ ಬೋರಲು ಮಲಗಿದೆ.

2023ರ ಜನವರಿಯಲ್ಲಿ ಎರಡನೆಯದು ಆಯಿತು. ಇನ್ನೊಮ್ಮೆ 150 ಎಂಎಲ್ ತುಂಬಿದರು, ಬಲಗಡೆಯದನ್ನು ಸ್ವಲ್ಪ ಕಡಿಮೆ ಮಾಡಿ ಮೇಲಕ್ಕೆತ್ತಿದರು. ಮೊದಲನೆಯದಕ್ಕಿಂತ ಸುಲಭ, ಮಾರನೇ ದಿನವೇ ಮನೆಗೆ ಬಂದೆ.

ಸುಲಭವಾಗದೆ ಇದ್ದದ್ದು ಮೇ ತಿಂಗಳು. ಎಡ ಎದೆಯಲ್ಲಿ, ಹೊರಗಿನ ಬದಿಗೆ, ಬಟಾಣಿಯಷ್ಟು ಗಟ್ಟಿಯಾದ ಗಂಟು ಸಿಕ್ಕಿತು. 2019ರ ಅದೇ ಬಚ್ಚಲು, ಅದೇ ಬೆರಳು. ಗೋಡೆ ಹಿಡಿದು ನಿಂತೆ. ಕೊಬ್ಬು ತುಂಬಿದ ಮೇಲೆ ಹೀಗಾಗಬಹುದು ಅಂತ ಮೇಡಂ ಮೊದಲೇ ಹೇಳಿದ್ದರು, ಅದು ಗೊತ್ತಿದ್ದೂ ಕಾಲು ನಡುಗಿತು. ಅಲ್ಟ್ರಾಸೌಂಡ್ ಮಾಡಿದ ಡಾಕ್ಟರು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ರಕ್ತ ಸಿಗದೆ ಸತ್ತ ಕೊಬ್ಬು ಎಣ್ಣೆಯಾಗಿ, ಸುತ್ತ ತೆಳು ಗೋಡೆ ಕಟ್ಟಿಕೊಂಡಿತ್ತು. ಆಯಿಲ್ ಸಿಸ್ಟ್. "ಕ್ಯಾನ್ಸರ್ ಅಲ್ಲಮ್ಮ" ಅಂದರು. ಮತ್ತೊಮ್ಮೆ ಹೇಳಿ ಅಂದೆ. ಮತ್ತೊಮ್ಮೆ ಹೇಳಿದರು. ಆದರೂ ಹೊಸ ಗಂಟು ಯಾವುದೇ ಸಿಕ್ಕಲಿ, ಕೊಬ್ಬೇ ಇರಬಹುದು ಅಂತ ನಾವೇ ತೀರ್ಮಾನ ಮಾಡಿಕೊಂಡು ಸುಮ್ಮನಿರಬಾರದು. ಸ್ಕ್ಯಾನ್ ಮಾಡಿಸಲೇಬೇಕು. ಸಾಲದಿದ್ದರೆ ಸೂಜಿ ಪರೀಕ್ಷೆಯೂ.

ಈಗ ಎರಡು ಪಾಯಿಂಟಿಗೂ ಮುಕ್ಕಾಲು ಇಂಚಿನ ವ್ಯತ್ಯಾಸವಿದೆ. ಕತ್ತರಿ ಹಿಡಿದಾಗ ಎದೆ ಜಗ್ಗುವುದಿಲ್ಲ. ಎತ್ತರದ ಕಪಾಟಿನಿಂದ ಬಟ್ಟೆಯ ಥಾನು ಇಳಿಸುವಾಗ ಎಡ ಭುಜ ಬೇಗ ಸೋಲುತ್ತದೆ. ಬೆನ್ನಿನ ಸ್ನಾಯು ಹೋದದ್ದು ಹೋಯಿತು, ಅದು ವಾಪಸ್ ಬರುವುದಿಲ್ಲ. ತೊಟ್ಟು ಕಟ್ಟುವುದನ್ನೂ ಹಚ್ಚೆ ಹಾಕಿಸುವುದನ್ನೂ ನಾನು ಬೇಡ ಅಂದೆ. ಬೇಕು ಅನ್ನುವವರಿಗೆ ಅದು ಬೇಕೇ ಬೇಕು, ನನಗೆ ಅನ್ನಿಸಲಿಲ್ಲ.

ಸೆಪ್ಟೆಂಬರಿನಲ್ಲಿ ತೋರಿಸಲು ಹೋದಾಗ, ಮೇಲ್ಭಾಗದಲ್ಲಿ ಇನ್ನೂ ಒಂದು ಸಣ್ಣ ತಗ್ಗು ಉಳಿದಿದೆ, ಇನ್ನೊಂದು ಸಲ 60-70 ಎಂಎಲ್ ತುಂಬಿದರೆ ಪೂರ್ತಿ ಹೊಂದುತ್ತದೆ, ನಿಮಗೆ ಬೇಕಿದ್ದರೆ ಮಾತ್ರ ಅಂದರು ಮೇಡಂ. ನಾನು ಕನ್ನಡಿ ಮುಂದೆ ನಿಂತು ನೋಡಿದೆ. ತಗ್ಗು ನಿಜ. ಒಳಗೆ ಒಂದು ಪದರ ಕ್ಯಾನ್ವಾಸ್ ಕೊಟ್ಟರೆ ಬ್ಲೌಸಿನ ಮೇಲೆ ಕಾಣುವುದಿಲ್ಲ. ನೋವಿಲ್ಲ. ಈಗ ಬೇಡ ಮೇಡಂ, ಬೇಕು ಅನ್ನಿಸಿದರೆ ನಾನೇ ಬರುತ್ತೇನೆ ಅಂದೆ. ಬಲಗಡೆಯ ಮ್ಯಾಮೊಗ್ರಾಮ್‌ಗೆ ಮುಂದಿನ ತಾರೀಕು ಬರೆಸಿಕೊಂಡು ಮಧ್ಯಾಹ್ನದ ರೈಲಿಗೆ ಹೊರಟೆ. ದಸರೆಗೆ 40 ಬ್ಲೌಸ್ ಒಪ್ಪಿಕೊಂಡಿದ್ದೆ, ಒಂದಕ್ಕೂ ಇನ್ನೂ ಕತ್ತರಿ ಹಾಕಿರಲಿಲ್ಲ.